ಎಕ್ಸೆಲ್ ನೆತ್ತಿಯ ಮೇಲೊಂದು ಶ್ರೀ

ಮಿತ್ರರೇ, ಹರಿಹರದ ಕಡೆಯ ಸಾರಥಿ ಎಂಬ ಊರಿನ ಎಮ್ಮೆಗಳನ್ನು ಉಪವಾಸ ಕೆಡವಿದ ಮಹಾಪರಾಧಿ ನಾನೇ ಎಂದು ಇಂದು ಘೋಷಣೆಯಾಗಿದೆ. ಸುಳ್ಳು!

ದಾವಣಗೆರೆಯ ನಮ್ಮ ಪಶು ಆಹಾರದ ಆಫೀಸಿನಲ್ಲಿ ಆರ್ಡರುಗಳೆಲ್ಲ ಎಕ್ಸೆಲ್ ಹಾಳೆಯಿಂದ ಡೇಟಾಬೇಸಿಗೆ ಹೋಗುತ್ತವೆ. ಹಾಳೆಯ ಮೊದಲ ಚೌಕದಲ್ಲಿ ಡೆವಲಪ್‌ಮೆಂಟ್, ಟೆಸ್ಟ್, ಲೈವ್ ಎಂಬ ಮೂರು ಆಯ್ಕೆಗಳಿವೆ. ಟೆಸ್ಟ್‌ನಲ್ಲಿ ಏನು ಅಳಿಸಿದರೂ ಆಟ, ಲೈವ್‌ನಲ್ಲಿ ಅಳಿಸಿದರೆ ನಿಜ. ಬೆಳಿಗ್ಗೆ ಟೆಸ್ಟ್ ಇಟ್ಟು ಟೀ ಕುಡಿಯಲು ಹೋದೆ. ಬಂದವನೇ ಹರಿಹರದ ಕಡೆಯ ಆರ್ಡರುಗಳನ್ನೆಲ್ಲ ಪರೀಕ್ಷೆಗೆಂದು ಅಳಿಸಿದೆ.

ಮಧ್ಯಾಹ್ನ ಸಾರಥಿಯಿಂದ ಹಾಲಿನ ಗಂಗಮ್ಮನ ಫೋನು. "ಲಾರಿ ಯಾಕ ಬರ್ಲಿಲ್ಲಪ್ಪಾ? ಗೋದ್ಲಿ ಖಾಲಿ ಐತೆ. ಎಮ್ಮಿಗೆ ನಿನ್ ಕಂಪ್ಯೂಟರ್ ತಿನ್ಸ್ಲೇನು?"

ಓಡಿಹೋಗಿ ನೋಡಿದರೆ ಮೊದಲ ಚೌಕದಲ್ಲಿ ಟೆಸ್ಟ್ ಇಲ್ಲ. ನಮ್ಮ ಸಾಹುಕಾರರು ಅದನ್ನು ಅಳಿಸಿ ದಪ್ಪಕ್ಷರದಲ್ಲಿ 'ಶ್ರೀ' ಬರೆದಿದ್ದಾರೆ! ಮೂರರಲ್ಲಿ ಯಾವ ಹೆಸರೂ ಕಾಣದಿದ್ದರೆ ಹಾಳೆ ತಾನಾಗಿ ಲೈವ್‌ಗೆ ಹೋಗುತ್ತದೆ. ಹಾಗೆ ಮಾಡಿಟ್ಟ ಪುಣ್ಯಾತ್ಮನ ಮೇಲೆ ನನಗೆ ಬೇರೆಯೇ ಸಿಟ್ಟಿದೆ.

"ಅದನ್ಯಾಕ ಅಳಿಸಿದ್ರಿ ಸಾಹುಕಾರ್ರೇ?" ಎಂದು ಕೂಗಿಯೇಬಿಟ್ಟೆ.

"ಶ್ರೀ ಬರೀದೆ ಯಾವನಾದ್ರೂ ಲೆಕ್ಕ ಶುರು ಮಾಡ್ತಾನೇನಲೇ? ನಮ್ಮಪ್ಪನ ಕಾಲದಿಂದ ಹಂಗೇ ಐತೆ."

"ಪಕ್ಕದ ಚೌಕದಾಗೆ ಬರೀರಿ!"

"ದೇವ್ರನ್ನ ಪಕ್ಕಕ್ಕ ಸರಿ ಅಂತೀಯಾ? ಶ್ರೀ ಅಲ್ಲೇ ಇರ್ಲಿ. ನಿನ್ ಟೆಸ್ಟು ಗಿಸ್ಟು ಬ್ಯಾಡ."

ಲಾರಿ ಈಗ ಹೊರಟಿದೆ. ಗಂಗಮ್ಮನ ಬೈಗುಳ ತಿನ್ನಲು ಸಾಹುಕಾರರು ನನ್ನನ್ನೂ ಮೂಟೆಗಳ ಜೊತೆ ಹತ್ತಿಸಿದ್ದಾರೆ. ಶ್ರೀ ಸ್ವಸ್ಥಾನದಲ್ಲಿ ಕ್ಷೇಮ. ಇನ್ನು ಮುಂದೆ ನಮ್ಮ ಪರೀಕ್ಷೆಗಳೆಲ್ಲ ನೇರವಾಗಿ ಸಾರಥಿಯ ಎಮ್ಮೆಗಳ ಮೇಲೆಯೇ ನಡೆಯುತ್ತವೆ.