ಮಾವನ ಹೆಸರು

ದಕ್ಷಿಣ ಆಫ್ರಿಕಾದ ಕೊಮಾನಿ ಊರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಶುವಾಯಿಯ ಹೊಲಿಗೆ ಅಂಗಡಿ. ಹೊಸ ಸೊಸೆ ತೊಡುವ ನೀಲಿ ಅಚ್ಚಿನ ಉದ್ದಂಗಿ, ಹುಬ್ಬಿನವರೆಗೆ ಇಳಿಸಿ ಕಟ್ಟುವ ತಲೆವಸ್ತ್ರ, ಹೆಗಲ ಶಾಲು, ಈ ಮೂರನ್ನು ಅವಳ ಕೈಯಲ್ಲೇ ಹೊಲಿಸಬೇಕು ಅನ್ನುವಷ್ಟು ಹೆಸರು ಮಾಡಿದ್ದಳು. ಜಿಂಬಾಬ್ವೆಯಿಂದ ಬಂದವಳೊಬ್ಬಳು ನಮ್ಮ ಖೋಸಾ ಹುಡುಗಿಯರಿಗೆ ಸೊಸೆಯಾಗುವುದನ್ನು ಕಲಿಸಬೇಕೇ ಎಂದು ಊರ ಹೆಂಗಸರು ಮೂಗು ಮುರಿಯುತ್ತಿದ್ದರು, ಮೂಗು ಮುರಿಯುತ್ತಲೇ ಬಂದು ಅಳತೆಯನ್ನೂ ಕೊಡುತ್ತಿದ್ದರು.

ಅವಳೂ ಹಾಗೆ ಉಟ್ಟು ಬಂದ ಸೊಸೆಯೇ. ನಾಲ್ಕೂವರೆ ವರ್ಷದ ಹಿಂದೆ ಜೊಲಾನಿಯನ್ನು ಮದುವೆಯಾದಳು. ಅವನ ಹೆಂಡತಿ ಎಂಬ ಒಂದೇ ಕಾರಣಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಇರಲು ವೀಸಾ ಸಿಕ್ಕಿತ್ತು. ಐದು ವರ್ಷ ತುಂಬಿದ್ದರೆ ಕಾಯಂ ಆಗಿಯೇ ಇರಬಹುದಿತ್ತು. ಅಷ್ಟರಲ್ಲಿ ಜೊಲಾನಿ ಕೆಲಸಕ್ಕೆಂದು ಕೇಪ್‌ಟೌನಿಗೆ ಹೋದ, ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ. ಎಂಟು ತಿಂಗಳ ಹಿಂದೆ ವಿಚ್ಛೇದನದ ಕಾಗದ ಅಂಚೆಯಲ್ಲಿ ಬಂತು. ಮದುವೆ ಮುರಿದ ಮೇಲೆ ಆ ಮದುವೆಯ ವೀಸಾ ಎಲ್ಲಿಂದ ಉಳಿದೀತು? ವಲಸೆ ಕಚೇರಿಗೆ ಹೋಗಿ ಹೇಳಬೇಕಾಗಿತ್ತು. ಹೇಳಲಿಲ್ಲ. ಕಾಗದವನ್ನು ಬಟ್ಟೆ ಥಾನಿನೊಳಗೆ ಸುತ್ತಿಟ್ಟು, ಮಿಷನ್ನಿನ ಮುಂದೆ ಕೂತು ಬೇರೆಯವರ ಮದುವೆಗೆ ಅಂಗಿ ಹೊಲಿದಳು.

"ಅಪ್ಪನಿಗೆ ಮಾತ್ರ ಹೇಳ್ಬೇಡ ಮಾರಾಯ್ತಿ, ಬಿಪಿ ಮನುಷ್ಯ. ಕ್ರಿಸ್‌ಮಸ್‌ಗೆ ಬಂದಾಗ ನಾನೇ ಹೇಳ್ತೀನಿ," ಎಂದು ಜೊಲಾನಿ ಫೋನಿನಲ್ಲಿ ಗೋಗರೆದಿದ್ದ. ಹೇಡಿ. ಆದರೆ ಅವನ ಹೇಡಿತನ ಇವಳಿಗೂ ಅನುಕೂಲವೇ ಆಯಿತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ನಾಚಿಕೆ ಇದ್ದದ್ದೂ ಅದಕ್ಕೇ.

ಮಾವ ಶಾಲೆಯೊಂದರಲ್ಲಿ ಜವಾನನಾಗಿದ್ದು ನಿವೃತ್ತನಾದ ಮನುಷ್ಯ, ಚರ್ಚಿನಲ್ಲಿ ಹಿರಿಯ, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಪ್ರತಿ ಭಾನುವಾರ ಶುವಾಯಿ ಹೋಗಿ ಕುಟ್ಟಿದ ಮೆಕ್ಕೆಜೋಳ, ಬೀನ್ಸ್ ಕಾಳು ಬೇಯಿಸಿಟ್ಟು, ಅಂಗಿಗಳನ್ನು ಇಸ್ತ್ರಿ ಮಾಡಿ ಬರುತ್ತಿದ್ದಳು. ವಿಚ್ಛೇದನದ ನಂತರವೂ ಒಂದು ಭಾನುವಾರ ತಪ್ಪಿಸಲಿಲ್ಲ. ಪ್ರೀತಿಯಿಂದ ಹೋಗುತ್ತಿದ್ದಳೋ ಭಯದಿಂದಲೋ ಅವಳಿಗೇ ಗೊತ್ತಿರಲಿಲ್ಲ. "ಮೂವರು ಸೊಸೇರಲ್ಲಿ ನೀನೊಬ್ಬಳೇ ನೋಡು ಉಪ್ಪು ಸರಿಯಾಗಿ ಹಾಕೋದು," ಎಂದು ಮುದುಕ ಹೊಗಳಿದ ದಿನ ಅವಳು ತಟ್ಟೆ ಸರಿಸಿ ಇಸ್ತ್ರಿಗೆ ಎದ್ದುಬಿಡುತ್ತಿದ್ದಳು.

ವೀಸಾ ನವೀಕರಣದ ಸಮಯ ಬಂತು. ಗಂಡನನ್ನು ಕರೆದುಕೊಂಡು ಬಾ, ಅವನು ದೂರದಲ್ಲಿದ್ದರೆ ಮನೆಯ ಹಿರಿಯರೊಬ್ಬರು ಸಾಕ್ಷಿಗೆ ಬರಲಿ ಎಂದು ಕಚೇರಿಯಿಂದ ಪತ್ರ. ಪಕ್ಕದಲ್ಲಿ ಜಡೆ ಹೆಣೆಯುವ ಅಂಗಡಿ ಇಟ್ಟಿದ್ದ ಸೆಕಾಯಿ, ಅವಳದೇ ಊರ ಕಡೆಯವಳು, ಪತ್ರ ಓದಿ ನಕ್ಕಳು.

"ಮುದುಕನ್ನ ಕರ್ಕೊಂಡು ಹೋಗು. ಅವನಿಗೆ ಗೊತ್ತಿಲ್ಲ ಅಂದ್ಮೇಲೆ ಅವನು ಹೇಳೋದು ಸುಳ್ಳು ಹೇಗಾಗತ್ತೆ?"

"ಅವನದ್ದಾಗಲ್ಲ. ನನ್ನದು?"

"ನಿಂದು ನೀನು ದೇವರ ಹತ್ರ ಇತ್ಯರ್ಥ ಮಾಡ್ಕೋ ತಾಯಿ. ಇಲ್ಲಾಂದ್ರೆ ಮಿಷನ್ ಹೊತ್ಕೊಂಡು ಮಸ್ವಿಂಗೊ ಬಸ್ ಹತ್ತು. ಅಲ್ಲಿ ನಿಮ್ಮಪ್ಪ ಕೇಳ್ತಾನೆ, ಗಂಡ ಎಲ್ಲಿ ಅಂತ. ಏನಂತೀಯಾ?"

ಆ ಭಾನುವಾರ ಶುವಾಯಿ ಮಾವನಿಗೆ ಪತ್ರದ ವಿಷಯ ಹೇಳಿ, ಜೊತೆಗೆ ಬರಲು ಕೇಳಿಕೊಂಡಳು. ಕಚೇರಿಗೆ ಹೋಗಬೇಕಾಗಿದ್ದ ಗುರುವಾರ ಬೆಳಿಗ್ಗೆ ಪೆಟ್ಟಿಗೆಯಿಂದ ತನ್ನ ನೀಲಿ ಅಂಗಿ ತೆಗೆದಳು. ಎಂಟು ತಿಂಗಳಿಂದ ಅದನ್ನು ಮುಟ್ಟಿರಲಿಲ್ಲ. ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದು ಕಟ್ಟಿಕೊಂಡಾಗ ಕನ್ನಡಿಯಲ್ಲಿ ಕಂಡವಳು ಅಚ್ಚುಕಟ್ಟಾದ ಸೊಸೆ. ಅವಳಿಗೆ ಆ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ಮಾವ ಚರ್ಚಿಗೆ ಹಾಕುವ ಕಪ್ಪು ಕೋಟು ಹಾಕಿಕೊಂಡು, ಹ್ಯಾಟು ಹಿಡಿದು ಗೇಟಿನಲ್ಲೇ ನಿಂತಿದ್ದ. ಷೇರ್ ಟ್ಯಾಕ್ಸಿಯಲ್ಲಿ ಪಕ್ಕ ಕೂತವರಿಗೆಲ್ಲ, "ಸರ್ಕಾರದೋರು ನನ್ನ ಮಾತು ಕೇಳ್ಬೇಕಂತೆ, ಸೊಸೆ ವಿಷಯಕ್ಕೆ," ಎಂದು ಹೇಳಿಕೊಂಡ. ಶುವಾಯಿ ಕಿಟಕಿಯತ್ತ ಮುಖ ತಿರುಗಿಸಿದಳು.

ಕಚೇರಿಯ ಅಧಿಕಾರಿಣಿ ಐವತ್ತರ ಆಸುಪಾಸಿನ ಖೋಸಾ ಹೆಂಗಸು, ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ವೀಸಾಕ್ಕಾಗಿ ಮಾಡುವ ಕಾಗದದ ಮದುವೆಗಳನ್ನು ಸಾವಿರ ನೋಡಿ ಬೇಸತ್ತವಳು. ಮೊದಲು ಮುದುಕನನ್ನು ಕೇಳಿದಳು.

"ನಿಮ್ಮ ಮಗ, ಇವಳು, ಗಂಡ ಹೆಂಡ್ತಿಯಾಗೇ ಇದ್ದಾರಾ ಅಪ್ಪಾ?"

"ಮತ್ತಿನ್ನೇನಮ್ಮಾ? ಅವನು ಕೇಪ್‌ಟೌನಲ್ಲಿ ದುಡೀತಾನೆ. ಇವಳು ಇಲ್ಲಿ ನನ್ನ ನೋಡ್ಕೋತಾಳೆ."

ಅಧಿಕಾರಿಣಿ ಶುವಾಯಿಯ ಕಡೆ ತಿರುಗಿದಳು. "ಗಂಡನ ತಂದೆಯ ಪೂರ್ತಿ ಹೆಸರು ಹೇಳಿ."

ಎದುರಿಗಿದ್ದ ಅರ್ಜಿಯಲ್ಲಿ ಆ ಹೆಸರು ಅಚ್ಚಾಗಿತ್ತು. ಶುವಾಯಿ ಬಾಯಿ ತೆರೆದಳು, ಮುಚ್ಚಿದಳು. ಸೊಸೆಯಾದವಳು ಮಾವನ ಹೆಸರನ್ನು ನಾಲಿಗೆಯ ಮೇಲೆ ತರುವಂತಿಲ್ಲ, ಆ ಹೆಸರಿನಂತೆ ಕೇಳಿಸುವ ಮಾತನ್ನೂ ಆಡುವಂತಿಲ್ಲ. ನಾಲ್ಕೂವರೆ ವರ್ಷದಲ್ಲಿ ಅದು ಅವಳ ಮೈಗೆ ಹತ್ತಿಹೋಗಿತ್ತು. ನಾಟಕ ಮಾಡಬೇಕೆಂದು ಸುಮ್ಮನಾದದ್ದಲ್ಲ, ಮಾತೇ ಹೊರಡಲಿಲ್ಲ. ತಲೆ ತಗ್ಗಿಸಿ ಕೂತಳು.

ಮುದುಕ ಕಿಸಕ್ಕನೆ ನಕ್ಕ. "ಕೊಲ್ಲಿ ಬೇಕಾದ್ರೆ, ಅವಳು ಹೇಳಲ್ಲ!"

ಅಧಿಕಾರಿಣಿಯ ಮುಖವೂ ಸಡಿಲವಾಯಿತು. "ಬೇಡ ಬಿಡಮ್ಮಾ. ದುಡ್ಡು ಕೊಟ್ಟು ಗಂಡನ್ನ ಮಾಡ್ಕೊಂಡು ಬರ್ತಾರಲ್ಲ, ಅವ್ರು ಈ ಪ್ರಶ್ನೆಗೆ ಪಟಪಟಾಂತ ಹೆಸರು ಒದರ್ತಾರೆ. ನನ್ನ ಮನೆ ಸೊಸೇನೂ ನಿನ್ನಷ್ಟು ಮರ್ಯಾದೆ ಇಟ್ಕೊಂಡಿಲ್ಲ." ಒಂದು ಹಾಳೆ ಮುಂದೆ ಸರಿಸಿದಳು. "ಮದುವೆ ಊರ್ಜಿತದಲ್ಲಿದೆ ಅಂತ ಬರೆದಿದೆ. ಸಾಕ್ಷಿ ಜಾಗದಲ್ಲಿ ಅಪ್ಪ ಸಹಿ ಹಾಕ್ಲಿ, ಆಮೇಲೆ ನೀನು."

ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು ಶುವಾಯಿಗೆ. ಅವಳು ಸುಳ್ಳು ಹೇಳಲು ಬಂದಿದ್ದಳು, ಅದಕ್ಕೆ ತಯಾರಾಗಿದ್ದಳು. ಆದರೆ ಸುಳ್ಳನ್ನು ಗೆಲ್ಲಿಸಿದ್ದು ಅವಳಲ್ಲಿ ಉಳಿದಿದ್ದ ಒಂದೇ ನಿಜವಾದ ಮರ್ಯಾದೆ. ಮುದುಕ ಕನ್ನಡಕ ಒರೆಸಿಕೊಂಡು, ಬೆರಳಿನಿಂದ ಸಾಲು ಹುಡುಕಿ, "ಇಲ್ಲೇನಮ್ಮಾ?" ಎಂದು ಕೇಳಿ, ಶಾಲೆಯ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಷ್ಟೇ ಜಾಗ್ರತೆಯಿಂದ ಪೆನ್ನು ಊರಿದ. ಮೊದಲ ಅಕ್ಷರ ಮೂಡಿತು.

"ಬೊನಾಕೆಲೆ," ಎಂದಳು ಶುವಾಯಿ.

ಪೆನ್ನು ನಿಂತಿತು.

"ಬೊನಾಕೆಲೆ ಮಗೊಪೆನಿ. ಅದು ಇವರ ಹೆಸರು. ನಾನು ಹೇಳ್ಬಹುದು. ನಾನು ಇವರ ಸೊಸೆ ಅಲ್ಲ, ಎಂಟು ತಿಂಗಳಾಯ್ತು. ಇವರಿಗೆ ಗೊತ್ತಿಲ್ಲ. ಸಹಿ ಹಾಕ್ಬೇಡಿ ಅಪ್ಪಾ."

ಮುದುಕ ಅವಳನ್ನು ನೋಡಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. ಅಧಿಕಾರಿಣಿ ಆ ಹಾಳೆಯನ್ನು ತೆಗೆದುಕೊಂಡು ನಾಲ್ಕಾಗಿ ಹರಿದಳು.

"ಹದಿನಾಲ್ಕು ದಿನದೊಳಗೆ ದೇಶ ಬಿಡ್ಬೇಕು," ಎಂದಳು ಕೊನೆಗೆ. "ತಾನಾಗೇ ಬಂದು ಹೇಳಿದ್ಲು ಅಂತ ಬರೀತೀನಿ. ನಿಮ್ಮೂರಿಂದ ಕೆಲಸದ ವೀಸಾಕ್ಕೆ ಅರ್ಜಿ ಹಾಕ್ಬೋದು, ಅಡ್ಡಿ ಬರಲ್ಲ. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ."

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಬೈಯಲಿ, ಹೊಡೆಯಲಿ, ಜನರ ಮುಂದೆ ಮಾನ ಕಳೆಯಲಿ ಎಂದು ಶುವಾಯಿ ಕಾದಳು. ಮುದುಕ ಕೇಳಿದ್ದು ಬೇರೆಯೇ.

"ಇದನ್ನ ಹೇಳೋಕೆ ನಿಮ್ಮಪ್ಪನ ಹತ್ರ ಯಾರು ಹೋದ್ರು?"

"ಯಾರೂ ಹೋಗಿಲ್ಲ."

"ಯಾರೂ ಅಂದ್ರೆ?"

"ಅಂಚೇಲಿ ಬಂತು ಅಪ್ಪಾ. ನನಗೇ."

"ಅಂಚೇಲಿ." ಮುದುಕ ಹ್ಯಾಟನ್ನು ಮೊಣಕಾಲ ಮೇಲೆ ತಿರುಗಿಸಿದ. "ಮದುವೆಗೆ ನಿನ್ನ ಕೇಳೋಕೆ ನನ್ನ ತಮ್ಮಂದಿರಿಬ್ಬರು ಎರಡು ದಿನ ಬಸ್ಸಲ್ಲಿ ಕೂತು ಹೋಗಿದ್ರು. ನಿಮ್ಮಪ್ಪನ ಅಂಗಳದಲ್ಲಿ ಮಂಡಿಯೂರಿ ಮಾತಾಡಿದ್ರು. ಕಳಿಸೋವಾಗ ಅಂಚೆ! ಕರೆಂಟ್ ಬಿಲ್ಲು ಕಳಿಸಿದ ಹಾಗೆ! ಮುಖ ಎಲ್ಲಿಟ್ಕೊಳ್ಲಿ ನಾನು?"

"ತಪ್ಪು ನಂದೂ ಇದೆ ಅಪ್ಪಾ. ನಿಮ್ಮನ್ನ ಸುಳ್ಳಿಗೆ ಕರ್ಕೊಂಡು ಬಂದೆ."

"ಹೌದು, ಇದೆ. ಅದನ್ನ ನಾನು ಮರೆಯಲ್ಲ," ಎಂದ ಮುದುಕ, ನೇರವಾಗಿ. ಆಮೇಲೆ ಎದ್ದು, ಅದೇ ಕಚೇರಿಯ ಆಚೆ ಬದಿಯಲ್ಲಿ ಪಾಸ್‌ಪೋರ್ಟಿನ ಸಾಲು ಯಾವುದೆಂದು ಕಾವಲುಗಾರನನ್ನು ಕೇಳಿ, ಅದರ ಕೊನೆಗೆ ಹೋಗಿ ನಿಂತ.

ಶುವಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಓಡಿಹೋಗಿ ತೋಳು ಹಿಡಿದಳು. "ಬೇಡ ಅಪ್ಪಾ. ಬಿಪಿ ಇದೆ. ಎರಡು ದಿನದ ದಾರಿ. ನಾನೊಬ್ಬಳೇ ಹೋಗ್ತೀನಿ."

"ನೀನು ಸುಮ್ನಿರು."

ಕಿಟಕಿಯಲ್ಲಿದ್ದ ಹುಡುಗಿ ಅವನ ಗುರುತಿನ ಚೀಟಿ ನೋಡಿದಳು. ಅರವತ್ತೇಳು ವರ್ಷ, ಇದುವರೆಗೆ ಪಾಸ್‌ಪೋರ್ಟೇ ಮಾಡಿಸಿಲ್ಲ.

"ಈ ವಯಸ್ಸಲ್ಲಿ ಎಲ್ಲಿಗೆ ಹೊರಟ್ರಿ ಅಜ್ಜಾ, ಟೂರಾ?"

"ಜಿಂಬಾಬ್ವೆಗೆ," ಎಂದ ಬೊನಾಕೆಲೆ ಮಗೊಪೆನಿ. "ಈ ಮಗೂನ ಇವರಪ್ಪನ ಕೈಗೆ ಒಪ್ಪಿಸಿ, ಕ್ಷಮೆ ಕೇಳಿ ಬರ್ಬೇಕು. ಹದಿನಾಲ್ಕು ದಿನದೊಳಗೆ ಕೊಡ್ತೀರೇನಮ್ಮಾ?"

ಬೆರಳಚ್ಚು ಕೊಡಲು ಎರಡೂ ಕೈ ಬೇಕಾಗಿತ್ತು. ಅವನು ಹ್ಯಾಟನ್ನು ಹಿಂದಕ್ಕೆ ಚಾಚಿದ. ಶುವಾಯಿ ತಲೆ ಎತ್ತದೆ ಅದನ್ನು ತೆಗೆದುಕೊಂಡಳು.