ಮೂರು ಸಲ ಹೇಳಿದ ಚಪ್ಪಲಿಯ ಕಥೆ

ಅವಳು ಹುಟ್ಟು ಪುಕ್ಕಲಿ. ಹಾಗೆಂದು ಹೆಸರಿಟ್ಟವಳು ಸ್ವಂತ ಅಕ್ಕ. ಯೂನಿವರ್ಸಿಟಿಯಲ್ಲಿ ಹುಡುಗರೆಲ್ಲ ‘ಸರ್ವೆ ಮೇಡಂ’ ಎಂದು ಎದ್ದು ನಿಲ್ಲುವ ಕಾಲ ಬಂದಮೇಲೂ ಅಕ್ಕನ ಫೋನು ಶುರುವಾಗುತ್ತಿದ್ದುದು ‘ಏನೇ ಪುಕ್ಕಲಿ’ ಎಂದೇ. ಲಿಫ್ಟ್ ಎಂದರೆ ಭಯ, ನಾಯಿ ಎಂದರೆ ಭಯ, ಮನೆಗೆ ಬೀಗ ಹಾಕಿ ಬೀದಿ ತುದಿ ಮುಟ್ಟಿದಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಭಯ. ಬಯಲಲ್ಲಿ ಮುಕ್ಕಾಲಿ ನಿಲ್ಲಿಸಿ ನೆಲ ಅಳೆಯುವುದನ್ನು ಕಲಿಸುವ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಆ ವಿದ್ಯೆಯೇ ಅಂಜುಬುರುಕರದು ನೋಡಿ: ಒಂದು ಸಲ ಅಳೆದದ್ದನ್ನು ನಂಬುವ ಹಾಗಿಲ್ಲ, ಸುತ್ತು ಹಾಕಿ ಹೊರಟ ಕಲ್ಲಿಗೇ ಬಂದು ಮುಟ್ಟಬೇಕು, ಎಷ್ಟು ತಪ್ಪಿತು ಅನ್ನುವುದು ಆಗಲೇ ಗೊತ್ತಾಗುವುದು.

ಇಂಥವಳಿಗೆ ಗಂಟು ಬಿದ್ದವನು ಭಯವೆಂದರೆ ಏನೆಂದು ಕೇಳುವ ಮನುಷ್ಯ. ಸಮಾಜಶಾಸ್ತ್ರ ವಿಭಾಗದವನು, ಎಲ್ಲರ ಬಾಯಲ್ಲೂ ‘ಥಿಯರಿ ಮೇಷ್ಟ್ರು’. ವಯಸ್ಸಿನಲ್ಲಿರುವಾಗಲೇ ‘ಬುಧವಾರದ ಮಾತು’ ಅಂತೊಂದನ್ನು ಹುಟ್ಟುಹಾಕಿದ. ಲೈಬ್ರರಿಯ ಮಹಡಿಯಲ್ಲಿ ಎಲ್ಲ ವಿಭಾಗದ ಅಧ್ಯಾಪಕರೂ ಸೇರಬೇಕು, ಒಬ್ಬರು ಸಮಾಜದ ಬಗ್ಗೆ, ಅಧಿಕಾರದ ಬಗ್ಗೆ ಮಾತಾಡಬೇಕು. ಕೈಯಲ್ಲಿ ಕಾಗದ ಹಿಡಿಯಬಾರದು, ಮಾತು ಮುಗಿದ ಕೂಡಲೇ ಬೇರೆ ವಿಭಾಗದವರೇ ಮೊದಲು ಉತ್ತರ ಕೊಡಬೇಕು. ಇವೆರಡು ಅವನು ಮಾಡಿದ ಕಾನೂನು. ಅಲ್ಲಿ ಬಂದವರು ‘ಸಂಕಥನ’, ‘ಯಜಮಾನಿಕೆ’ ಅಂತ ಶುರುಮಾಡಿದರೆಂದರೆ ಫ್ಯಾನು ಕೂಡ ನಿಧಾನವಾಗಿ ತಿರುಗುತ್ತಿತ್ತು. ಎಂಜಿನಿಯರಿಂಗ್ ವಿಭಾಗದಿಂದ ಯಾರಾದರೂ ಹೋಗಲೇಬೇಕೆಂದು ಹೊಸಬಳಾದ ಅವಳನ್ನು ದಬ್ಬಿದ್ದರು. ಕಂಬದ ಹಿಂದೆ ಮುದುರಿ ಕೂತವಳನ್ನು ಅವನೇ ಹುಡುಕಿ, “ಕಂಬದ ಹಿಂದಿನೋರು ಏನಂತೀರಿ?” ಎಂದು ಕೇಳಿದ. “ನಂಗೊಂದೂ ಅರ್ಥ ಆಗ್ಲಿಲ್ಲ ಸರ್” ಎಂದಳು, ಅಳು ಬರುವುದೊಂದು ಬಾಕಿ. “ಇವತ್ತು ಇಲ್ಲಿ ಕೇಳಿದ ಮೊದಲ್ನೇ ನಿಜ ಇದು” ಎಂದ ಅವನು. ಮುಂದಿನ ವರ್ಷ ಮದುವೆಯಾಯಿತು. ಆಮೇಲೆ ಯಾವ ಬುಧವಾರವನ್ನೂ ಅವಳು ತಪ್ಪಿಸಲಿಲ್ಲ, ಮತ್ತೆ ಅಲ್ಲಿ ಬಾಯಿಯನ್ನೂ ಬಿಡಲಿಲ್ಲ.

ಅಂಜುವವರ ಮೇಲೆ ಕಪ್ಪೆ ಎಸೆದರಂತೆ. ಅವನ ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿರುವಾಗಲೇ ಮರೆವು ಮನೆಗೆ ಬಂತು. ಮೊದಲು ಕನ್ನಡಕ, ಕೊಡೆ. ಅವನ್ನು ಯಾರು ಮರೆಯುವುದಿಲ್ಲ? ಆಮೇಲೆ ಒಂದು ಸಂಜೆ ತಮ್ಮದೇ ಬೀದಿಯಲ್ಲಿ ನಿಂತು, ನಮ್ಮನೆ ಈ ಕಡೆಯಾ ಆ ಕಡೆಯಾ ಎಂದು ಅವಳನ್ನೇ ಕೇಳಿದ. ಡಾಕ್ಟರು ತಲೆಯ ಚಿತ್ರಗಳನ್ನು ದೀಪಕ್ಕೆ ಹಿಡಿದು, ಇದು ವಯಸ್ಸಿನ ಮರೆವಲ್ಲ, ಮೆದುಳು ಸವೆಯುವ ಕಾಯಿಲೆ, ಹೆಚ್ಚುತ್ತಲೇ ಹೋಗುತ್ತದೆ ಎಂದರು. ಇನ್ನೊಂದು ಸಲ ನೋಡಿ ಡಾಕ್ಟ್ರೇ ಎಂದು ಅವಳು ಅಂಗಲಾಚಿದಳು. ಅವನು ಮಾತ್ರ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ ಹೊರಬಂದು, ಕಾರಿಡಾರಿನಲ್ಲಿ ಅವಳ ಮಣಿಕಟ್ಟು ಹಿಡಿದುಕೊಂಡ.

“ಒಂದು ಮಾತು. ಯಾರಿಗೂ ಹೇಳ್ಬೇಡ. ಅಯ್ಯೋ ಪಾಪ ಅಂತ ನನ್ನ ಯಾರೂ ನೋಡಕೂಡ್ದು.”

“ಇಲ್ಲ ರೀ, ಹೇಳಲ್ಲ” ಎಂದಳು.

ಅಕ್ಕನಿಗೂ ಹೇಳಲಿಲ್ಲ. ಗುಟ್ಟು ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿತು. ಫೋನು ರಿಂಗಾದರೆ ಎದೆ ಧಸಕ್ ಎನ್ನುತ್ತಿತ್ತು: ಎಲ್ಲಿ ದಾರಿ ತಪ್ಪಿದನೋ, ಯಾರ ಮುಂದೆ ಏನು ಆಡಿದನೋ. ಹೀಗಿರುವಾಗ ಬುಧವಾರದ ಮಾತನ್ನು ಈಗ ನಡೆಸುತ್ತಿದ್ದ ಸಂಚಾಲಕಿ ಬಂದು, ನಿವೃತ್ತಿಗೆ ಮುಂಚೆ ಮೇಷ್ಟ್ರು ಕೊನೆಯದಾಗಿ ಒಮ್ಮೆ ಮಾತಾಡಲೇಬೇಕು ಎಂದು ಪಟ್ಟು ಹಿಡಿದಳು. ಅವನು ಒಪ್ಪಿಕೊಂಡುಬಿಟ್ಟ.

“ರೀ, ಬೇಡ ರೀ. ಜ್ವರ ಅಂತ ಹೇಳಿಬಿಡೋಣ.”

“ನಂಗೆ ಜ್ವರ ಇಲ್ವಲ್ಲೇ.”

“ಕಾಗದನಾದ್ರೂ ಇಟ್ಕೊಳ್ಳಿ.”

“ನಾನೇ ಮಾಡಿದ ಕಾನೂನು ಕಣೇ. ನೀನಿದೀಯಲ್ಲ, ಪಕ್ಕದಲ್ಲಿ ಕೂತ್ಕೋ. ಬೇರೆ ವಿಭಾಗದೋಳು ತಾನೇ? ಉತ್ತರ ನೀನೇ ಕೊಡು. ಎಡವಿದ್ರೆ ಹಿಡ್ಕೋ.”

ಕೊನೆಗೆ ಇಬ್ಬರೂ ಒಂದು ಸನ್ನೆ ಗೊತ್ತುಮಾಡಿಕೊಂಡರು. ಮಾತು ಹಾದಿ ತಪ್ಪಿತೆಂದರೆ ಅವಳು ನೀರಿನ ಲೋಟವನ್ನು ಅವನ ಕಡೆ ಸರಿಸಬೇಕು. ಅವನು ನಮಸ್ಕಾರ ಹೇಳಿ ಮುಗಿಸಿಬಿಡಬೇಕು. ಊಟದ ಮೇಜಿನ ಮೇಲೆ ಅದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿದರು. ಪ್ರತಿ ಸಲವೂ ಸರಿಯಾಗಿಯೇ ಬಂತು.

ಆ ಬುಧವಾರ ಮಹಡಿ ತುಂಬಿತ್ತು. ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಜನ. ಮುಂದಿನ ಸಾಲಿನಲ್ಲಿ ಅವನ ಶಿಷ್ಯ, ಗಡ್ಡದ ಲೆಕ್ಚರರ್, ತೊಡೆಯ ಮೇಲೆ ಪುಸ್ತಕ ಬಿಚ್ಚಿ ಪೆನ್ನು ಹಿಡಿದು ಕೂತಿದ್ದ. ಅವಳು ವೇದಿಕೆಯ ಮೇಜಿನ ಹಿಂದೆ ಮುಳ್ಳಿನ ಮೇಲೆ ಕೂತಂತೆ ಕೂತಿದ್ದಳು. ಕೈ ಲೋಟದ ಮೇಲೇ ಇತ್ತು.

ಮಾತಿನ ವಿಷಯ ಸರದಿ ಸಾಲು. “ನಾನು ಚಿಕ್ಕವನಿದ್ದಾಗ ನಮ್ಮಮ್ಮ ಹಾಲಿನ ಸಾಲಿಗೆ ಕಳಿಸ್ತಿದ್ಲು” ಎಂದು ಶುರುಮಾಡಿದ. ಬೆಳಗಿನ ಚಳಿಯಲ್ಲಿ ನಡುಗುತ್ತ ನಿಂತ ಹುಡುಗ. ಅವನ ಮುಂದೆ ಮನುಷ್ಯನಿಲ್ಲ, ಜಾಗ ಹಿಡಿಯಲು ಬಿಟ್ಟುಹೋದ ಒಂದು ಜೊತೆ ಚಪ್ಪಲಿ. ಚಪ್ಪಲಿಯ ಒಡೆಯ ಮನೆಯಲ್ಲಿ ಬೆಚ್ಚಗೆ ಮಲಗಿದ್ದಾನೆ. ಹಾಲಿನವನು ಬಂದಾಗ ಆ ದೊಡ್ಡ ಮನುಷ್ಯ ಬಂದು ಚಪ್ಪಲಿ ಮೆಟ್ಟಿಕೊಂಡು ಹಾಲು ತೆಗೆದುಕೊಂಡು ಹೋದ. ಹುಡುಗನ ಪಾಲಿಗೆ ಹಾಲು ಉಳಿಯಲಿಲ್ಲ. “ಕೆಲವರ ಚಪ್ಪಲಿಗೆ ಇರೋ ಹಕ್ಕು ಕೆಲವರ ಮೈಗೆ ಇರಲ್ಲ. ಯಾರು ಕಾಯ್ತಾರೆ, ಯಾರನ್ನ ಕಾಯಿಸ್ತಾರೆ, ಅಧಿಕಾರ ಅಂದ್ರೆ ಅಷ್ಟೇ” ಎಂದ. ಸಭೆ ಮೆಚ್ಚಿ ತಲೆದೂಗಿತು. ಅವಳಿಗೂ ಹೋದ ಜೀವ ಬಂದಂತಾಯಿತು. ನಮ್ಮೋನು ಗೆದ್ದ ಅಂದುಕೊಂಡಳು.

ಅವನು ಒಂದು ಗಳಿಗೆ ಕಿಟಕಿಯ ಕಡೆ ನೋಡಿದ. ಮತ್ತೆ ಸಭೆಗೆ ತಿರುಗಿ, “ನಾನು ಚಿಕ್ಕವನಿದ್ದಾಗ ನಮ್ಮಮ್ಮ ಹಾಲಿನ ಸಾಲಿಗೆ ಕಳಿಸ್ತಿದ್ಲು” ಎಂದ.

ಅವಳ ಕಿವಿಯಲ್ಲಿ ಗುಂಯ್ ಎಂದಿತು. ಅದೇ ಚಳಿ, ಅದೇ ಹುಡುಗ, ಚಪ್ಪಲಿ ತೋರಿಸುವಾಗ ಅದೇ ಕೈ. ಅಲ್ಲೊಬ್ಬರು ಇಲ್ಲೊಬ್ಬರು ಮುಖ ನೋಡಿಕೊಂಡರು. ತಟಕ್ಕನೆ ಲೋಟವನ್ನು ಅವನ ಕಡೆ ಸರಿಸಿದಳು. ನೀರು ಮೇಜಿನ ಮೇಲೆ ತುಳುಕಿತು. ಅವನು ಲೋಟ ನೋಡಿದ, ಅವಳನ್ನು ನೋಡಿ ನಕ್ಕ, “ಥ್ಯಾಂಕ್ಸ್ ಕಣೇ” ಎಂದು ಗಟಗಟ ಕುಡಿದು ಕಥೆ ಮುಂದುವರಿಸಿದ.

ಅಷ್ಟರಲ್ಲಿ ಗಡ್ಡದವನ ಮುಖ ಅರಳಿತು. ಪಕ್ಕದವನ ಕಿವಿಯಲ್ಲಿ, “ನಮ್ಮನ್ನೇ ಸಾಲಲ್ಲಿ ನಿಲ್ಲಿಸ್ತಿದ್ದಾರೆ! ಕಾಯೋದು ಅಂದ್ರೇನು ಅಂತ ನಮ್ಮ ಮೈಗೇ ಗೊತ್ತುಮಾಡ್ತಿದ್ದಾರೆ!” ಎಂದ. ಪಿಸುಮಾತು ಸಾಲಿನಿಂದ ಸಾಲಿಗೆ ಹಬ್ಬಿತು. ಓದಿದವರ ಪಾಡೇ ಇಷ್ಟು; ಅರ್ಥವಿಲ್ಲದ ಕಡೆ ಅರ್ಥ ಕಾಣದಿದ್ದರೆ ಅವರಿಗೆ ಅವಮಾನ. ಅವನು ಮೂರನೇ ಸಲ “ನಾನು ಚಿಕ್ಕವನಿದ್ದಾಗ” ಎಂದಾಗ ಸಭೆಗೆ ಸಭೆಯೇ ಖುಷಿಯಿಂದ ನಕ್ಕಿತು. ಕಥೆ ಮುಗಿದದ್ದೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ, ಮಾತು ಮುಗಿಯಿತೆಂದುಕೊಂಡು ಅವನು ಕೂತ.

ಉಳಿದೆವು ಅಂದುಕೊಂಡಳು. ಸುಳ್ಳಾದರೂ ಸರಿ, ಗುಟ್ಟು ಉಳಿಯಿತಲ್ಲ. ಸಂಚಾಲಕಿ ಮೈಕನ್ನು ಅವಳ ಮುಂದಿಟ್ಟು, “ಈಗ ಉತ್ತರ, ನಮ್ಮ ಸರ್ವೆ ಮೇಡಂ ಅವರಿಂದ” ಎಂದಳು. ಅವಳು ಬಾಯಿ ತೆರೆಯುವ ಮುನ್ನವೇ ಗಡ್ಡದವನು ಎದ್ದ. “ಕ್ಷಮಿಸಿ ಮೇಡಂ, ಒಂದೇ ಪ್ರಶ್ನೆ. ಸರ್, ಮೂರನೇ ಸಲ ಹೇಳುವಾಗ ಹಾಲಿನವನನ್ನೇ ಬಿಟ್ಟುಬಿಟ್ರಿ. ಅದು ಬೇಕಂತಲೇ ಅಲ್ವಾ?”

ಅವನು ಮಿಕಮಿಕ ನೋಡಿದ. ಅವಳ ಕಡೆ ವಾಲಿ ಮೆಲ್ಲಗೆ ಕೇಳಿದ. ಮೈಕು ಅದನ್ನು ಮೂಲೆಮೂಲೆಗೂ ಮುಟ್ಟಿಸಿತು.

“ನಾನು ಮೂರು ಸಲ ಹೇಳಿದ್ನೇನೇ?”

ಸಭೆ ಬಿದ್ದು ಬಿದ್ದು ನಕ್ಕಿತು. ಎಂಥ ಹಾಸ್ಯ ಅಂದುಕೊಂಡಿತು. ಅವನೂ ಅವರ ಜೊತೆ ನಗಲು ನೋಡಿದ, ಆಗಲಿಲ್ಲ. ಅವನ ಕಣ್ಣಲ್ಲಿ ಅವಳು ಭಯ ಕಂಡದ್ದು ಅದೇ ಮೊದಲು. ಹುಟ್ಟಿದಾರಭ್ಯ ತನ್ನ ಜೊತೆಗಿದ್ದ ಭಯ ಅದು, ಅವಳಿಗೆ ಗುರುತು ಹತ್ತದೆ ಇರುತ್ತದೆಯೇ? ಅಷ್ಟು ಜನರ ನಗುವಿನ ನಡುವೆ ತನ್ನ ಗಂಡ ಒಬ್ಬಂಟಿಯಾಗಿದ್ದಾನೆ ಅನ್ನಿಸಿತು. ಕೊಟ್ಟ ಮಾತು ನೆನಪಿತ್ತು. ಆದರೂ ಮೈಕು ಹಿಡಿದುಕೊಂಡಳು.

“ಹೌದು ರೀ, ಮೂರು ಸಲ ಹೇಳಿದ್ರಿ” ಎಂದಳು. ಆಮೇಲೆ ಸಭೆಗೆ, “ದಯವಿಟ್ಟು ನಗಬೇಡಿ. ಬೇಕಂತ ಹೇಳಿದ್ದಲ್ಲ. ಇವರಿಗೆ ಮರೆವಿನ ಕಾಯಿಲೆ ಇದೆ. ಮೊದಲ್ನೇ ಸಲ ಹೇಳಿದ್ರಲ್ಲ, ಅದು ಇವರ ಮಾತು. ಅದನ್ನ ಬರ್ಕೊಳ್ಳಿ.” ಮೈಕು ಕೆಳಗಿಡುತ್ತ, “ಇದೇ ನನ್ನ ಉತ್ತರ.”

 ಗಡ್ಡದವನು ಪೆನ್ನು ಜೇಬಿಗಿಟ್ಟು ತಲೆ ತಗ್ಗಿಸಿದ. ಮೇಜಿನ ಕೆಳಗೆ ಗಂಡನ ಕೈ ಅವಳ ಕೈಯನ್ನು ಹುಡುಕಿ ಹಿಡಿಯಿತು. ಇನ್ನು ಬೈಯುತ್ತಾನೆ, ಇನ್ನು ಎದ್ದುಹೋಗುತ್ತಾನೆ ಎಂದುಕೊಂಡಳು. ಅವನು ಆ ಕೈ ಬಿಡಲಿಲ್ಲ.

ಆಮೇಲೆ ಜನ ಮೆಲ್ಲಗೆ ದಾರಿ ಬಿಟ್ಟರು.  ಒಬ್ಬೊಬ್ಬರ ಕಣ್ಣಲ್ಲೂ ಅವನು ಬೇಡವೆಂದ ಅದೇ ‘ಅಯ್ಯೋ ಪಾಪ’ ಇತ್ತು. ಗಡ್ಡದವನು ಮೇಷ್ಟ್ರ ಚೀಲ ಎತ್ತಿಕೊಂಡು ಹಿಂದೆ ಹಿಂದೆ ಬಂದ. ಮೆಟ್ಟಿಲಿಳಿಯುವಾಗ ಅವಳು ಮೊದಲ ಮಾತಿಗಾಗಿ ಕಾದಳು. ತಪ್ಪಾಯಿತೆಂದು ಹೇಳಲು ನಾಲಿಗೆ ತುದಿಯಲ್ಲೇ ಇಟ್ಟುಕೊಂಡಿದ್ದಳು. ಮೆಟ್ಟಿಲ ತಿರುವಿನಲ್ಲಿ ಅವನು ನಿಂತ. ಅವಳ ಮಣಿಕಟ್ಟು ಹಿಡಿದುಕೊಂಡ.

“ಒಂದು ಮಾತು” ಎಂದ, ಯಾರಿಗೂ ಕೇಳಿಸಬಾರದೆಂಬ ಹಾಗೆ. “ಡಾಕ್ಟರು ಹೇಳಿದ್ರಲ್ಲ, ಅದನ್ನ ಯಾರಿಗೂ ಹೇಳ್ಬೇಡ.”

ಹಿಂದಿನ ಮೆಟ್ಟಿಲಲ್ಲಿ ಗಡ್ಡದವನ ಹೆಜ್ಜೆ ನಿಂತಿತು. ಅವಳಿಗೆ ಎಂದೂ ಆಗದಷ್ಟು ಭಯವಾಯಿತು.

“ಇಲ್ಲ ರೀ,” ಎಂದಳು. “ಹೇಳಲ್ಲ.”