ಅಮ್ಮನ ಹಾಡಿಗೆಂದು ತಂದ ಹಳೇ ಆಂಪ್ಲಿಫೈಯರ್

ಕತ್ತಿನ ಥೈರಾಯ್ಡ್ ಗಂಟನ್ನು ತೆಗೆಯಲೇಬೇಕು ಎಂದು ಡಾಕ್ಟರು ಹೇಳಿದ ದಿನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, ಆಮೇಲೆ ಹಾಡಬಹುದೇ ಎಂದು. ದನಿಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ, ಮಾತಿಗೇನೂ ಆಗಲಾರದು, ಮೇಲಿನ ಸ್ಥಾಯಿಯ ಬಗ್ಗೆ ಮಾತ್ರ ಭರವಸೆ ಕೊಡಲಾರೆ ಎಂದರು ಅವರು. ಚಾಮರಾಜಪೇಟೆಯ ನಮ್ಮ ಮನೆಯ ಹಜಾರದಲ್ಲಿ ಮೂವತ್ತು ವರ್ಷ ಅಕ್ಕಪಕ್ಕದ ಹುಡುಗಿಯರಿಗೆ ದೇವರನಾಮ ಹೇಳಿಕೊಟ್ಟವಳು ಅಮ್ಮ. ಬಸ್ಸಿನಲ್ಲಿ ಮನೆಗೆ ಬರುವಾಗ ಅವಳು ಎಂದಿನಂತೆ ಏನನ್ನೂ ಗುನುಗಲಿಲ್ಲ. ಅವಳು ಸುಮ್ಮನೆ ಕುಳಿತದ್ದನ್ನು ನಾನು ನೋಡಿಯೇ ಇರಲಿಲ್ಲ, ಹಾಗಾಗಿ ಹೆದರಿದೆ.

ಆಪರೇಷನ್ನಿಗೆ ಹತ್ತು ದಿನ ಇತ್ತು. ಅಷ್ಟರೊಳಗೆ ಅವಳ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಡೋಣ ಎಂದುಕೊಂಡೆ. ಕಂಪ್ಯೂಟರಿನ ಜೊತೆ ಬಂದಿದ್ದ ಪುಟ್ಟ ಮೈಕಿನಲ್ಲಿ ಅಮ್ಮನಿಗಿಂತ ಫ್ಯಾನೇ ಚೆನ್ನಾಗಿ ಕೇಳುತ್ತಿತ್ತು. ಒಳ್ಳೆಯ ಮೈಕು ಬೇಕು, ಅದಕ್ಕೊಂದು ಆಂಪ್ಲಿಫೈಯರ್ ಬೇಕು, ಅಲ್ಲಿಂದ ಕಂಪ್ಯೂಟರಿಗೆ ವೈರು ಎಳೆದರಾಯಿತು ಎಂದ ಆಫೀಸಿನ ಗೆಳೆಯ. ಹೊಸದು ಕೊಳ್ಳುವುದು ಗುಮಾಸ್ತನ ಸಂಬಳಕ್ಕೆ ಎಟುಕುವ ಮಾತಲ್ಲ. ಎಸ್.ಪಿ. ರಸ್ತೆಯ ಒಂದು ಗಲ್ಲಿಗೆ ಹೋದೆ. ಸೂರಿನವರೆಗೆ ಹಳೇ ಸ್ಟೀರಿಯೋಗಳನ್ನು ಪೇರಿಸಿಟ್ಟಿದ್ದ ಅಂಗಡಿ. ಬೆಂಡೆಕಾಯಿಯ ತುದಿ ಮುರಿದು ನೋಡುವವರ ಹಾಗೆ ಒಂದೊಂದರ ತಿರುಪನ್ನೂ ತಿರುಗಿಸಿ, ಮೈಕು, ದೊಡ್ಡ ಸ್ಪೀಕರುಗಳ ಜೊತೆಗೆ ಕರಕರ ಎನ್ನದ ಒಂದು ಆಂಪ್ಲಿಫೈಯರನ್ನು ಆರಿಸಿದೆ. ಯಾರ ಮನೆಯದು ಎಂದು ಕೇಳಿದ್ದಕ್ಕೆ ಅಂಗಡಿಯ ಯಜಮಾನರು ಮುಚ್ಚುಮರೆ ಮಾಡಲಿಲ್ಲ.

“ಮನೇದಲ್ಲ ಸಾರ್, ಬಾರಲ್ಲಿತ್ತು. ಬಾರ್ ಮುಚ್ಚೋಯ್ತು. ಮಾಲು ಗಟ್ಟಿ ಇದೆ.”

ಮನೆಗೆ ಬಂದಾಗ ಅಮ್ಮನೂ ಅದನ್ನೇ ಕೇಳಿದಳು. ಯಾರೋ ಮೇಷ್ಟರ ಮನೆಯದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನು ಸತ್ಯಹರಿಶ್ಚಂದ್ರ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಸ್ನಾನಕ್ಕೆ ಹೋದೆ. ಬಂದು ಸ್ವಿಚ್ಚು ಹಾಕಿದರೆ ಚಟ್ ಎಂದು ಸದ್ದಾಗಿ ಅದರ ದೀಪ ಆರಿತು. ಅಲ್ಲಿಗೆ ಕಥೆ ಮುಗಿಯಿತು. ಮೋಸಗಾರ, ಟೋಪಿ ಹಾಕಿದ ಎಂದು ಆ ಯಜಮಾನರಿಗೆ ಮನಸಾರೆ ಶಾಪ ಹಾಕಿದೆ. ಮರುದಿನ ಜಗಳಕ್ಕೆ ಸಿದ್ಧನಾಗಿಯೇ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದೆ. ನನ್ನ ಕೂಗಾಟವನ್ನೆಲ್ಲ ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ನಾಲ್ಕು ತಿರುಪು ಬಿಚ್ಚಿ ಮುಚ್ಚಳ ತೆಗೆದರು. ಒಳಗೆಲ್ಲ ನೀರಿನ ಪಸೆ. ನಡುವೆ ಒಂದು ತುಳಸಿ ದಳ. ಅವರು ಅದನ್ನು ಎರಡು ಬೆರಳಿನಲ್ಲಿ ಎತ್ತಿ ನನ್ನ ಅಂಗೈಯಲ್ಲಿಟ್ಟರು.

“ಇದು ನಮ್ದಲ್ಲ ಸಾರ್” ಎಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮೆ ಕೇಳಿದೆ. ಅವರು ನಕ್ಕು, ಬಿಸಿಲಿಗಿಟ್ಟು ಒಣಗಿಸಿ ನೋಡೋಣ, ನಾಲ್ಕು ದಿನ ಬಿಟ್ಟು ಬನ್ನಿ, ಅದೃಷ್ಟವಿದ್ದರೆ ಫ್ಯೂಸು ಮಾತ್ರ ಹೋಗಿರುತ್ತದೆ ಎಂದರು.

ಮನೆಗೆ ಬಂದು ಅಮ್ಮನ ಮುಂದೆ ಆ ದಳವನ್ನು ಇಟ್ಟೆ. ಬೈಯಬೇಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

“ಬಾರಲ್ಲಿದ್ದಿದ್ದು ಕಣೋ. ಅದರಲ್ಲಿ ದೇವರ ಹೆಸರು ಹೇಗೆ ಹೇಳೋದು? ತೀರ್ಥ ಒಂದೇ ಉದ್ಧರಣೆ ಹಾಕ್ದೆ.” ದಳವನ್ನು ಕೈಗೆತ್ತಿಕೊಂಡು ಕೇಳಿದಳು, “ಇನ್ನು ಆಗಲ್ವಾ?”

ಅವಳು ಹಾಡಿದ್ದು ಎಲ್ಲೂ ಉಳಿಯದೆ ಹೋಗುತ್ತದೆ ಎಂಬ ಭಯ ನನಗೊಬ್ಬನಿಗೇ ಇರಲಿಲ್ಲ ಎಂದು ಆಗ ತಿಳಿಯಿತು. ಬೈಯುವುದನ್ನು ಬಿಟ್ಟು, ಒಣಗಿದರೆ ಸರಿಹೋಗಬಹುದಂತೆ ಎಂದೆ.

ಬರೀ ಫ್ಯೂಸೇ ಹೋಗಿತ್ತು. ಆಪರೇಷನ್ನಿನ ಹಿಂದಿನ ಭಾನುವಾರ ಬೆಳಿಗ್ಗೆ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಅಮ್ಮ ಬೆವರು ಒರೆಸಿಕೊಳ್ಳುತ್ತ ಹನ್ನೊಂದು ಹಾಡು ಹಾಡಿದಳು. ದೊಡ್ಡ ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿ, ಎರಡು ಕಡೆ ಶ್ರುತಿ ಜಾರಿದೆ ಎಂದು ತನ್ನ ತಪ್ಪನ್ನು ತಾನೇ ಎಣಿಸಿದಳು.

ಆಪರೇಷನ್ ಸಲೀಸಾಗಿ ಆಯಿತು. ಮಾತು ಮೊದಲು ಗೊರಗೊರ ಎಂದು ಬಂತು, ಆಮೇಲೆ ತಿಳಿಯಾಯಿತು. ತಿಂಗಳು ಕಳೆದ ಮೇಲೆ ಹಾಡಿ ನೋಡಬಹುದು ಎಂದಿದ್ದರು ಡಾಕ್ಟರು. ತಿಂಗಳು ಕಳೆಯಿತು, ಎರಡಾಯಿತು, ಅಮ್ಮ ಹಾಡಲು ಬಾಯಿ ತೆರೆಯಲಿಲ್ಲ. ಪಾಠವನ್ನೇನೋ ಶುರು ಮಾಡಿದಳು. ಕಂಪ್ಯೂಟರಿನಲ್ಲಿ ತನ್ನ ಹಾಡು ಹಾಕಿಸಿ, ಹುಡುಗಿಯರು ಅದರ ಹಿಂದೆ ಹೇಳುವಾಗ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಹಾಡಿ ನೋಡಿ ಇಲ್ಲವೆಂದಾಗುವುದಕ್ಕಿಂತ ನೋಡದಿರುವುದೇ ಮೇಲು ಎಂದುಕೊಂಡಿದ್ದಳೋ ಏನೋ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಒಂದು ಸಂಜೆ ಅಮ್ಮ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಹಜಾರದಲ್ಲಿ ಒಬ್ಬ ಹುಡುಗಿ ಸ್ಪೀಕರಿನ ಹಿಂದೆ ಚರಣ ಹೇಳುತ್ತಿದ್ದಳು, ಮೇಲಿನ ಷಡ್ಜಕ್ಕೆ ಬಂದಾಗಲೆಲ್ಲ ಜಾರುತ್ತಿದ್ದಳು. ಸ್ಪೀಕರಿಗೆ ತಿದ್ದಲು ಬರುವುದಿಲ್ಲವಲ್ಲ, ಅದು ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಮೂರನೆಯ ಸಲವೂ ತಪ್ಪಿದಾಗ ಅಡುಗೆಮನೆಯಿಂದ ಆ ಸಾಲು ಸರಿಯಾಗಿ ಎದ್ದು ಬಂತು. ಸಿಟ್ಟಿನಿಂದಲೇ ಬಂತು, ನೇರವಾಗಿ ಷಡ್ಜಕ್ಕೆ ಏರಿ ಅಲ್ಲೇ ನಿಂತಿತು.

ಹುಡುಗಿ ಅಡುಗೆಮನೆಯತ್ತ ತಿರುಗಿದಳು. ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಇನ್ನೊಂದು ಕೈ ಕತ್ತಿನ ಮೇಲಿತ್ತು.

“ಬಂತು ಕಣೋ” ಎಂದಳು.

ಆ ಹುಡುಗಿಯ ಎದುರಿಗೇ ನಾನು ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಎದ್ದು ಹೋಗಿ ಕಂಪ್ಯೂಟರಿನ ಹಾಡನ್ನು ನಿಲ್ಲಿಸಿದೆ. ಅವತ್ತಿನ ಪಾಠವನ್ನು ಅಮ್ಮನೇ ಹೇಳಿಕೊಟ್ಟಳು.